ಗೋಡೆಗೆ ಮುಖ ಮಾಡಿ ಹಾಡಿದ್ದು

ಅತ್-ಬಾಶಿ,
ಅಕ್ಟೋಬರ್ 14, ಮಂಗಳವಾರ

ನನ್ನ ಕಾಕೆನ್ ಅಕ್ಕನಿಗೆ, ತಂಗಿಯ ಸಲಾಮು.

ಹೇಗಿದ್ದೀಯಕ್ಕಾ? ಎದೆನೋವು ಮತ್ತೆ ಬಂತೇ? ಆಸ್ಪತ್ರೆಯ ಉಪ್ಪಿಲ್ಲದ ಸಾರು ನಿನಗೆ ಸೇರುತ್ತಿಲ್ಲವೆಂದು ನಿನ್ನ ಮಗ ಏರ್ಮೆಕ್ ಹೇಳಿದ. ಹಟ ಮಾಡದೆ ಕುಡಿ. ಗುರುವಾರ ಹೃದಯದ ಆಪರೇಷನ್ ಇಟ್ಟುಕೊಂಡು ಉಪವಾಸ ಕೂರುವ ವಯಸ್ಸೇ ಇದು? ಇಲ್ಲಿ ಮೊದಲ ಹಿಮ ಬಿತ್ತು. ನಿನ್ನ ಹಸು ನಮ್ಮ ಕೊಟ್ಟಿಗೆಯಲ್ಲಿ ಸುಖವಾಗಿದೆ, ಒದೆಯುವ ಚಾಳಿ ಮಾತ್ರ ಬಿಟ್ಟಿಲ್ಲ.

ನನ್ನ ಸೊಸೆ ಚೊಲ್ಪೊನ್ ಜೋಗುಳ ಹಾಡಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು ನಿನಗೆ ಗೊತ್ತಲ್ಲ. ಅವಳ ಪ್ರತಿ ಹಾಡಿಗೂ ಪಕ್ಕದ ಮನೆಯ ಕತ್ತೆ ದನಿಗೂಡಿಸುತ್ತಿತ್ತು. ಪೇಟೆಯಿಂದ ಸದ್ದು ತಡೆಯುವ ಹಲಗೆ ತರಿಸುವ ಶಕ್ತಿ ನಮಗಿಲ್ಲ. ಮೊದಲು ತಾನು ಹಾಡುವ ಉಗ್ರಾಣದ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದಳು. ಕತ್ತೆ ಕ್ಯಾರೇ ಎನ್ನಲಿಲ್ಲ. ಆಮೇಲೆ ಯಾರೂ ಕೊಳ್ಳದ ಒರಟು ಉಣ್ಣೆಯನ್ನು, ಗೋಡೆಗೆ ಹಳೆಯ ಮರದ ಹಲಗೆ ಬಡಿದು, ಅವುಗಳ ಹಿಂದೆ ತುರುಕಿದಳು, ಬಾಗಿಲ ಸಂದಿಗೆ ಕುರಿಚರ್ಮ ಹೊಡೆದಳು. ಶನಿವಾರ ನಾನು ಸಂತೆಯಿಂದ ಬಂದು ನೋಡುತ್ತೇನೆ, ತವರಿನಿಂದ ತಂದ ನನ್ನ ಗಾದಿಗಳ ರಾಶಿಯೇ ಮಾಯ! ಎಲ್ಲ ಗೋಡೆಗೇರಿವೆ. ನಾವಿಬ್ಬರೂ ಸೇರಿ ಹೊಲಿದ ಉಣ್ಣೆಯ ಶಿರ್ದಾಕ್ ನೆಲಹಾಸಿಗೂ ಮೊಳೆ ಹೊಡೆದಿದ್ದಾಳೆ, ಅಕ್ಕಾ, ಮೊಳೆ! ನಾನು ಬಾಯಿ ತೆರೆಯುವ ಮೊದಲೇ, "ಅತ್ತೇ, ಬೈಯೋದಾದ್ರೆ ಒಳಗ್ ನಿಂತು ಬೈಯಿರಿ, ಹೊರಗೆ ಕೇಳ್ಸುತ್ತಾ ನೋಡ್ತೀನಿ" ಎಂದು ನನ್ನನ್ನು ಒಳಗೆ ತಳ್ಳಿ ಹೊರಗಿನಿಂದ ಬಾಗಿಲು ಹಾಕಿದಳು.

ಒಳಗೆ ಕತ್ತೆಯಿಲ್ಲ, ಗಾಳಿಯಿಲ್ಲ, ನನ್ನ ಉಸಿರು ನನಗೇ ಕೇಳುವಷ್ಟು ನಿಶ್ಶಬ್ದ. ಸುತ್ತ ಉಣ್ಣೆಯ ವಾಸನೆ. ನನ್ನ ಒಂಬತ್ತನೇ ವಯಸ್ಸಿನಲ್ಲಿ ಅಮ್ಮ ಹೋದಾಗ ಅಂಗಳದಲ್ಲಿ ಉಣ್ಣೆಯ ಡೇರೆ ಕಟ್ಟಿದ್ದರಲ್ಲ, ನೀನು ಗೋಡೆಗೆ ಮುಖ ಮಾಡಿ ಕೂತು, ಸತ್ತವರಿಗಾಗಿ ಹಾಡುವ ಕೊಶೋಕ್ ಹಾಡುತ್ತಾ ಅತ್ತೆಯಲ್ಲ, ಅದು ಕಣ್ಣಿಗೆ ಕಟ್ಟಿತು. ಬೈಯಲು ಹೋದವಳ ಬಾಯಿಂದ ಕೊಶೋಕ್ ಬಂತು. ನಿನಗೇ, ಅಕ್ಕಾ. ನೀನು ಹೋಗಿಯೇಬಿಟ್ಟೆ ಎಂಬಂತೆ ನಿನ್ನ ಹೆಸರು ಹಿಡಿದು ಹಾಡಿದೆ. ಬದುಕಿರುವವರಿಗೆ ಅದನ್ನು ಹಾಡಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ! ನೀನು ಆಸ್ಪತ್ರೆ ಸೇರಿದಂದಿನಿಂದ ಹತ್ತು ದಿನ ಅದುಮಿಟ್ಟ ಭಯ, ಕೇಳುವವರಿಲ್ಲವೆಂದು ಹೊರಬಂತು. ಮುಖ ಒರೆಸಿಕೊಂಡು ಬಾಗಿಲು ತೆಗೆದರೆ ಇವಳು ಕುಣಿಯುತ್ತಿದ್ದಾಳೆ: "ಒಂದಕ್ಷರ ಕೇಳ್ಸಿಲ್ಲ ಅತ್ತೇ, ಗೆದ್ವಿ!"

ಮೈಕು ಚಾಲೂ ಇತ್ತೆಂದು ನನಗೇನು ಗೊತ್ತು? ಒಳಗಿನ ಸದ್ದು ಹೇಗೆ ಬರುತ್ತದೆಂದು ನೋಡಲು ಹಾಕಿಟ್ಟಿದ್ದಳಂತೆ. ಅವತ್ತಿನ ರೆಕಾರ್ಡನ್ನೆಲ್ಲ ಕೇಳಿಯೂ ನೋಡದೆ ಪೆನ್‌ಡ್ರೈವಿಗೆ ಹಾಕಿ, "ದೊಡ್ಡತ್ತೆ ಜೋಗುಳ ಕೇಳಿ ಚೆನ್ನಾಗ್ ಮಲಗ್ಲಿ" ಎಂದು ನಿನ್ನೆ ನಗರಕ್ಕೆ ಹೋದ ವ್ಯಾನಿನಲ್ಲಿ ಬೆಣ್ಣೆಯ ಡಬ್ಬಿಯೊಂದಿಗೆ ನಿನಗೆ ಕಳಿಸಿದ್ದಾಳೆ. ಇವತ್ತು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಕೇಳಿ ಬಿಳಿಚಿಕೊಂಡು ಓಡಿಬಂದಳು. ನಾನೂ ಕೇಳಿದೆ. ನನ್ನದೇ ದನಿ, "ನನ್ನ ಬಿಟ್ಟು ಹೋದೆಯಾ ಕಾಕೆನ್" ಎನ್ನುತ್ತಿದೆ. ಕೈಲಿದ್ದ ಚಹಾದ ಬಟ್ಟಲು ಬಿದ್ದು ಚೂರಾಯಿತು. ಸಾವನ್ನು ನಾನೇ ಕರೆದು ನಿನ್ನ ಮಂಚದ ಪಕ್ಕ ಕೂರಿಸಿದೆನೇ? ಏರ್ಮೆಕ್‌ಗೆ ಫೋನ್ ಮಾಡಿದೆ. "ಚಿಕ್ಕಮ್ಮಾ, ಸಾಮಾನೆಲ್ಲಾ ಬಂತು. ಹಾಡು ನಾಳೆ ಕೇಳ್ತಾಳಂತೆ. ಅಮ್ಮನ್ ಹತ್ರ ಫೋನ್ ಕೊಡ್ಲಾ?" ಎಂದ. ನಿನ್ನಮ್ಮನಿಗೆ ಕೊಶೋಕ್ ಹಾಡಿದೆ ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ? ಫೋನ್ ಇಟ್ಟುಬಿಟ್ಟೆ. ಈ ಪತ್ರವನ್ನು ವ್ಯಾನಿನವನ ಕೈಲಿ ಕೊಡುತ್ತೇನೆ, ಸಂಜೆಗೆ ತಲುಪುತ್ತದೆ. ಪೆನ್‌ಡ್ರೈವಿನ ಏಳನೆಯ ರೆಕಾರ್ಡ್ ಅದು, ಕೇಳಬೇಡ, ಅಳಿಸಿಹಾಕಿಸು.

ದೇವರು ನಿನ್ನ ಆಯಸ್ಸು ಗಟ್ಟಿ ಮಾಡಲಿ, ನನ್ನದರಲ್ಲಿ ಸ್ವಲ್ಪ ಕಿತ್ತುಕೊಂಡಾದರೂ ಸರಿ.

ನಿನ್ನ ತಂಗಿ,
ಬುರ್ಮಾಕನ್

ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಳಿಸಬೇಡ. ಈಗಷ್ಟೇ ಅದನ್ನು ಇನ್ನೊಮ್ಮೆ ಕೇಳಿದೆ. ನೀನು ನಿನ್ನ ಬೂಟು ನನಗೆ ಹಾಕಿ ಹಿಮದಲ್ಲಿ ಶಾಲೆಗೆ ಕಳಿಸಿದ್ದು, ನನ್ನನ್ನು ಸಾಕಲೆಂದು ಮದುವೆ ಮುಂದೆ ಹಾಕಿದ್ದು, ಎಲ್ಲ ಅದರಲ್ಲಿದೆ. ಇದರಲ್ಲಿ ಒಂದನ್ನೂ ನಿನ್ನ ಮುಖದೆದುರು ನಾನು ಇವತ್ತಿನವರೆಗೆ ಹೇಳಿಲ್ಲ. ಯಾರಿಗಾಗಿ ಕೊಶೋಕ್ ಹಾಡುತ್ತೇವೋ ಅವರಿಗೆ ಅದು ಕೇಳಿಸುವುದಿಲ್ಲ. ನೀನು ಕೇಳಿಸಿಕೊಂಡರೆ ಅದು ಕೊಶೋಕೇ ಅಲ್ಲ. ಆಪರೇಷನ್ನಿಗೆ ಮೊದಲೇ ಕೇಳು, ಅಕ್ಕಾ. ಆಮೇಲೆ ಬಂದು ನನಗೆ ಬೈಯಿ, ಆ ಕೋಣೆಯಲ್ಲಲ್ಲ, ಅಂಗಳದಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ.