ಕಿಟಕಿಯ ಕೆಳಗಿನ ಒದ್ದೆ

ಪ್ರೆಸ್ಟನ್
೧೬ ನವೆಂಬರ್ ೨೦೦೬

ಕ್ಲಿಫರ್ಡ್,

ಹೆಸರಿನ ಹಿಂದೆ ‘ಪ್ರಿಯ’ ಸೇರಿಸಲೋ ಬೇಡವೋ ಎಂದು ಯೋಚಿಸುತ್ತ ಕೂತು ಟೀ ಆರಿಹೋಯಿತು. ಬರೀ ಹೆಸರೇ ಇರಲಿ. ಅಂಥದ್ದನ್ನೆಲ್ಲ ನೀನು ಗಮನಿಸುವವನಲ್ಲ. ಗಮನಿಸಿದರೂ ಬಾಯಿಬಿಟ್ಟು ಹೇಳುವವನಂತೂ ಅಲ್ಲ.

ನಿನ್ನೆ ನಿನ್ನ ಹಿತ್ತಲಲ್ಲಿ ನಾನು ಸಲಿಕೆ ಹಿಡಿದು ನಿಂತಿದ್ದು ಯಾಕೆ ಎಂದು ನೀನು ಸರಿಯಾಗಿ ಕೇಳಲಿಲ್ಲ, ನಾನೂ ಸರಿಯಾಗಿ ಹೇಳಲಿಲ್ಲ. ಅದಕ್ಕೇ ಈ ಕಾಗದ.

ಮನೆ ಬಿಟ್ಟಾಗ ನಾನು ಬರೀ ಟೈಪಿಸ್ಟ್. ಈಗ ಹಳೆಯ ಮನೆ ಕೊಳ್ಳುವವರ ಪರವಾಗಿ ಗೋಡೆಗಳ ತೇವ ನೋಡುವುದು ನನ್ನ ಕೆಲಸ. ಸೋಮವಾರ ಕಚೇರಿಯಲ್ಲಿ ಕೊಟ್ಟ ಚೀಟಿಯಲ್ಲಿ ಹೇಝಲ್ ಬೀದಿಯ ನಮ್ಮ ಮನೆಯ ವಿಳಾಸವಿತ್ತು. ನೀನು ಮಾರುತ್ತಿದ್ದೀ ಎಂದು ನನಗೆ ತಿಳಿದದ್ದೇ ಹಾಗೆ. ಪರಿಚಯದವರ ಮನೆಯಾದರೆ ಚೀಟಿ ವಾಪಸು ಕೊಡಬೇಕು, ಅದು ನಿಯಮ. ನಾನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ನೀನು ಹೊರಗೆ ಹೋಗಿದ್ದೆ. ಬೀಗದ ಕೈ ಪಕ್ಕದ ಮನೆಯ ಎಡ್ನಾಳ ಹತ್ತಿರ ಇತ್ತು. ಬಾಗಿಲು ತೆಗೆದವಳು ನನ್ನನ್ನೂ ಕೈಯಲ್ಲಿದ್ದ ಮೀಟರನ್ನೂ ನೋಡಿ, “ಏನೇ ಬೆರಿಲ್, ಇಷ್ಟು ವರ್ಷ ಆದ್ಮೇಲೆ ಗೋಡೆಗೆ ಜ್ವರ ಬಂದಿದ್ಯಾ ನೋಡೋಕೆ ಬಂದ್ಯಾ? ಮನುಷ್ಯಂಗೆ ಏನಾಗಿದೆ ಅಂತ ನೋಡೋದು ಬೇಡ್ವಾ?” ಎಂದಳು. ಅವಳ ನಾಲಿಗೆ ಇನ್ನೂ ಹಾಗೇ ಇದೆ. ಅದೇ ನನಗೆ ಒಂದು ಸಮಾಧಾನ ಅನ್ನಿಸಿತು.

ಅಡುಗೆಮನೆಯ ಕಿಟಕಿಯ ಕೆಳಗಿನ ಗೋಡೆ ನೋಡಿದ ತಕ್ಷಣ ಗೊತ್ತಾಯಿತು. ಬಣ್ಣ ಗುಳ್ಳೆಯೆದ್ದಿದೆ, ಗೋಡೆಯ ಬುಡದ ಮರದ ಪಟ್ಟಿ ಬೆರಳೊತ್ತಿದರೆ ಒಳಗೆ ಹೋಗುತ್ತದೆ. ನಿನ್ನ ಹತ್ತಿರ ಮೊದಲು ಬಂದಿದ್ದವನು, ನೆಲದಿಂದ ನೀರೇರುತ್ತಿದೆ, ಸುತ್ತಲೂ ಗಾರೆ ಕೆತ್ತಿ ಗೋಡೆಗೆಲ್ಲ ಮದ್ದು ಹಾಕಬೇಕು ಎಂದು ಬರೆದುಕೊಟ್ಟು ಹೋಗಿದ್ದಾನಂತೆ. ಅವನ ಮಾತು ಕೇಳಿ ಕೊಳ್ಳುವವರು ಹಿಂದೆ ಸರಿಯುತ್ತಿದ್ದಾರೆ. ನಾನು ಮೀಟರಿನ ಎರಡು ಮುಳ್ಳುಗಳನ್ನು ಕೆಳಗಿನಿಂದ ಮೇಲಕ್ಕೆ, ಮತ್ತೆ ಉದ್ದಕ್ಕೂ ಗೇಣುಗೇಣಿಗೆ ಒತ್ತುತ್ತ ಹೋದೆ. ನೆಲದಿಂದಲೇ ಏರುವ ನೀರಾದರೆ ಮನೆಯ ನಾಲ್ಕೂ ಕಡೆ ಏರಬೇಕು. ಇಲ್ಲಿ ಕಿಟಕಿಯ ಕೆಳಗೆ ಮಾತ್ರ, ಮಂಚದುದ್ದ ಒದ್ದೆ. ಆಚೆಗೂ ಈಚೆಗೂ ಒಣ. ಮೀಟರೊಂದನ್ನೇ ನಂಬುವ ಹಾಗಿಲ್ಲ, ಗೋಡೆಯಲ್ಲಿ ಉಪ್ಪು ಕೂತಿದ್ದರೂ ಅದು ಸುಳ್ಳು ಹೇಳುತ್ತದೆ. ಸಣ್ಣ ತೂತು ಕೊರೆದು, ಇಟ್ಟಿಗೆಯ ಪುಡಿಯನ್ನು ನಮ್ಮ ಪರೀಕ್ಷೆಯ ಸೀಸೆಗೆ ಹಾಕಿ ಕುಲುಕಿದೆ. ನಿಜವಾದ ನೀರೇ.

ಆಮೇಲೆ ಮಹಡಿಗೆ ಹೋದೆ. ಅದು ನನ್ನ ಕೆಲಸದ ಭಾಗ, ಬೇರೆ ಅರ್ಥ ಹಚ್ಚಬೇಡ. ನಮ್ಮ ಕೋಣೆಯಲ್ಲಿ ಬೀರುವಿನ ಹಿಂದಿನ ಮೂಲೆ ಕಪ್ಪಗೆ ಬೂಷ್ಟು ಹಿಡಿದಿದೆ. ಅಲ್ಲಿ ತೇವ ಮೇಲ್ಮೈಯಲ್ಲಿ ಮಾತ್ರ, ಒಳಗೆ ಇಟ್ಟಿಗೆ ಒಣಗಿದೆ. ಕೆಳಗಡೆ ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ಹಸಿ, ಮನುಷ್ಯನ ಉಸಿರು ಎಲ್ಲ ಮೆಟ್ಟಿಲೇರಿ ಬಂದು, ವರ್ಷಗಟ್ಟಲೆ ಬೆಂಕಿ ಕಾಣದ ಕೋಣೆಯ ತಣ್ಣನೆಯ ಗೋಡೆಗೆ ತಾಗಿ ನೀರಾಗಿವೆ. ಹಾಸಿಗೆಯ ಮೇಲೆ ಕೈಯಿಟ್ಟೆ, ಹಸಿ ಹಿಟ್ಟಿನ ಹಾಗಿತ್ತು. ಅಲ್ಲಿ ಯಾರೂ ಮಲಗಿಲ್ಲ ಎಂದು ಹೇಳಲು ಮೀಟರು ಬೇಕಿರಲಿಲ್ಲ. ಕೆಳಗೆ ಸೋಫಾದ ತೋಳಿನ ಮೇಲೆ ಮಡಚಿಟ್ಟ ಕಂಬಳಿ ಕಂಡೆ. ಇಂಥ ಮನೆಗಳನ್ನು ಎಷ್ಟೋ ನೋಡಿದ್ದೇನೆ, ಕ್ಲಿಫ್. ಒಬ್ಬರೇ ಉಳಿದವರು ಒಂದೇ ಕೋಣೆಗೆ ಸೇರಿಕೊಳ್ಳುತ್ತಾರೆ, ಉಳಿದ ಕೋಣೆಗಳು ಒಂದೊಂದಾಗಿ ತಣ್ಣಗಾಗುತ್ತವೆ. ವರದಿಯಲ್ಲಿ ನಾನು ‘ಗಾಳಿಯಾಟ ಸಾಲದು’ ಎಂದು ಬರೆಯುತ್ತೇನೆ.

ಹಿತ್ತಲಿಗೆ ಬಂದಾಗ ಕಾರಣ ಸಿಕ್ಕಿತು. ನನ್ನ ಬೆನ್ನಿನ ಆಪರೇಷನ್ ಆದ ವರ್ಷ ನಾನು ಬಗ್ಗುವ ಹಾಗಿರಲಿಲ್ಲವಲ್ಲ, ಕುರ್ಚಿಯಲ್ಲಿ ಕೂತೇ ಗಿಡ ನೆಡಲಿ ಎಂದು ಕಿಟಕಿಯ ಕೆಳಗೆ ಗೋಡೆಗೆ ಒತ್ತಿ ನೀನು ಎತ್ತರದ ಮಡಿ ಕಟ್ಟಿಕೊಟ್ಟಿದ್ದೆ. ಕಟ್ಟಿ ಮುಗಿಸಿ, “ಕೂತ್ಕೊಂಡ್ ನೋಡು, ಕೈ ಎಟುಕತ್ತಾ” ಅಂದಿದ್ದೆ, ಅಷ್ಟೇ. ಆ ಮಣ್ಣೇ ಈ ಒದ್ದೆಗೆ ಕಾರಣ. ನೆಲದ ನೀರು ಮೇಲೇರದಂತೆ ತಳದ ಇಟ್ಟಿಗೆಗಳ ನಡುವೆ ಸ್ಲೇಟಿನ ಪದರ ಇಟ್ಟಿರುತ್ತಾರೆ. ಮಡಿಯ ಮಣ್ಣು ಅದನ್ನು ದಾಟಿ ಮೇಲೆ ನಿಂತಿದೆ, ನೀರು ನೇರ ಗೋಡೆಗಿಳಿಯುತ್ತಿದೆ.

ನಾನು ಹೋದ ಮೇಲೆ ಅದು ಹಾಳುಬಿದ್ದಿರುತ್ತದೆ ಎಂದುಕೊಂಡಿದ್ದೆ. ಮಣ್ಣಿಗೆ ಕೈ ಹಾಕಿದರೆ ಸಡಿಲವಾಗಿ, ಎಲೆಗೊಬ್ಬರದ ವಾಸನೆ. ನನ್ನ ಸೇವಂತಿಗೆಗಳನ್ನು ನೀನು ಚಳಿಗಾಲಕ್ಕೆ ಸವರಿ, ಬುಡಕ್ಕೆ ಹುಲ್ಲು ಹೊದಿಸಿದ್ದೆ. ಬೇಲಿಯಾಚೆಯಿಂದ ಎಡ್ನಾ ಹೇಳಿದಳು: “ಬೇಸಿಗೇಲಿ ದಿನಾ ಸಂಜೆ ನೀರು ಹಾಕ್ತಾನೆ ಕಣೇ. ಒಂದು ಬಕೆಟ್ ಸಾಲದು, ಎರಡು. ಹೂವಿನ ಹತ್ರ ಗೊಣಗೊಣ ಮಾತು ಬೇರೆ. ನಮ್ಗೆ ಮಾತ್ರ ‘ಗುಡ್ ಮಾರ್ನಿಂಗ್’ ಅನ್ನೋಕೂ ಕಾಸು ಕೊಡ್ಬೇಕು.”

ನಾನು ನಗಲು ಹೋದೆ, ಆಗಲಿಲ್ಲ. ಕೋಟು ಕಳಚಿ ಬೇಲಿಗೆ ಹಾಕಿ, ನಿನ್ನ ಸಾಮಾನಿನ ಶೆಡ್ಡಿನಿಂದ ಸಲಿಕೆ ತಂದು, ಗೋಡೆಯ ಪಕ್ಕದ ಮಣ್ಣು ಅಗೆಯತೊಡಗಿದೆ. ತಪಾಸಣೆಗೆ ಬಂದವರು ಅಗೆಯುವುದಿಲ್ಲ, ನನಗೂ ಗೊತ್ತು. ಆಗ ನೀನು ಬಂದೆ.

“ಅದ್ಯಾಕೆ ಅಗೀತಿದ್ದೀಯ?” ಎಂದೆ. ಎಂಟು ವರ್ಷದ ಮೇಲಿನ ಮೊದಲ ಮಾತು.

“ಗೋಡೆ ಒದ್ದೆಯಾಗಿದೆ” ಎಂದೆ ನಾನು.

ನೀನು ಹತ್ತಿರ ಬಂದು, “ಬಿಡು, ನಿನ್ನ ಬೆನ್ನು” ಎಂದು ಸಲಿಕೆ ಕಿತ್ತುಕೊಂಡೆ. ನಾನು ಕಾರಣ ಹೇಳಿದೆ. ಒಂದು ಕ್ಷಣ ನಿಂತು ಕೇಳಿ, ನೀನೇ ಅಗೆಯಲು ಶುರುಮಾಡಿದೆ, ಒಂದೂ ಬೇರು ಕಡಿಯದ ಹಾಗೆ. ಗಿಡಗಳನ್ನು ಎತ್ತಿ ಹಳೆಯ ಬಕೆಟ್ಟುಗಳಿಗೆ ಹಾಕುತ್ತ, “ಬ್ಲ್ಯಾಕ್‌ಪೂಲ್‌ನಲ್ಲಿ ತಂಗಿ ಮನೆಗೆ ಅಂಗಳ ಇಲ್ಲ” ಎಂದೆ. ಮನೆ ಯಾಕೆ ಮಾರುತ್ತಿದ್ದೀ ಎಂದು ಕೇಳಿದ್ದಕ್ಕೆ, “ದೊಡ್ಡದಾಯ್ತು” ಅಂದೆ. ಕೆಳಗೆರಡು ಮೇಲೆರಡು ಕೋಣೆಯ ಮನೆ ಅದು, ಕ್ಲಿಫ್.

ನಾನು ಹೊರಟ ದಿನ ನೀನು ನನ್ನ ಪೆಟ್ಟಿಗೆಯನ್ನು ಬಸ್ಸಿನವರೆಗೂ ಹೊತ್ತು ತಂದೆ. ನೀನು ಕೂಡ ಡ್ರೈವರೇ ಆಗಿದ್ದವನು. ಆ ಡ್ರೈವರಿಗೆ, “ಇಳಿಜಾರಲ್ಲಿ ನಿಧಾನ ಹೋಗಪ್ಪಾ, ಅವಳ ಬೆನ್ನಿಗೆ ಆಗಲ್ಲ” ಎಂದೆ. ನನಗೆ ‘ಇಳಿ’ ಎನ್ನಲಿಲ್ಲ. ಬಸ್ಸು ತಿರುವು ದಾಟುವವರೆಗೂ ನಾನು ಆ ಒಂದು ಮಾತಿಗೆ ಕಾದೆ. ನಿನಗೆ ಹೇಳುವುದಕ್ಕೇ ಏನೂ ಇಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು, ಅಂಗಡಿಯ ಮೇಲಿನ ಈ ಒಂಟಿ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಊಟ ಮಾಡಿದ್ದೇನೆ. ನಿನ್ನೆ ಆ ಮಣ್ಣಿಗೆ ಕೈ ಹಾಕಿದ ಮೇಲೆ ಆ ನಂಬಿಕೆ ಗಟ್ಟಿಯಾಗಿ ಉಳಿದಿಲ್ಲ.

ವರದಿ ಇವತ್ತು ಬರೆದಾಯಿತು, ಸತ್ಯವನ್ನೇ ಬರೆದಿದ್ದೇನೆ. ಮದ್ದೂ ಬೇಡ, ಗಾರೆ ಕೆತ್ತುವುದೂ ಬೇಡ. ಮಣ್ಣು ದೂರ ಇಟ್ಟರೆ ಗೋಡೆ ತಾನೇ ಒಣಗುತ್ತದೆ, ನಿಧಾನಕ್ಕೆ, ಬೇಸಿಗೆ ಕಳೆಯುವ ಹೊತ್ತಿಗೆ. ಅಡುಗೆ ಮಾಡುವಾಗ ಕಿಟಕಿ ತೆರೆ. ಮಹಡಿಯ ಅಗ್ಗಿಷ್ಟಿಕೆ ಹೊತ್ತಿಸು. ಆ ಹಾಸಿಗೆಯನ್ನು ಎಸೆದುಬಿಡು.

ಬೆರಿಲ್

ಮತ್ತೆ ಸೇರಿಸಿದ್ದು, ಶುಕ್ರವಾರ ಬೆಳಿಗ್ಗೆ: ಕಾಗದ ಅಂಚೆಗೆ ಹಾಕುವ ಮೊದಲು ಕಚೇರಿಗೆ ಹೋಗಿ ಇದು ಯಾರ ಮನೆ ಎಂದು ಹೇಳಿಬಿಟ್ಟೆ. ನನ್ನ ವರದಿ ಇನ್ನು ನಡೆಯುವುದಿಲ್ಲ. ಬೇರೆಯವರು ಬಂದು ಮತ್ತೆ ಅಳೆಯಬೇಕು, ಹೊಸ ವರ್ಷದವರೆಗೂ ಯಾರಿಗೂ ಬಿಡುವಿಲ್ಲ. ಕೊಳ್ಳುವವರು ಅಷ್ಟು ದಿನ ಕಾಯುವುದು ಅನುಮಾನ. ‘ಕ್ಷಮಿಸು’ ಎಂದು ಬರೆಯಬೇಕು, ಬರೆಯಲಾರೆ. ಕಚೇರಿಯ ಹುಡುಗಿ ಕಾಗದ ತುಂಬಿಸುತ್ತ, “ಅಂದ್ರೆ ನಿಮ್ಮ ಮಾಜಿ ಗಂಡನ ಮನೆ, ಅಲ್ವಾ?” ಎಂದು ಕೇಳಿದಳು. “ಗಂಡ ಅಂತ ಬರಿ” ಎಂದೆ.