ಹಿಂದಿನ ಗಾಜಿನ ಮೇಲಿನ ಹೆಸರು

14 ನವೆಂಬರ್ 2025, ಶುಕ್ರವಾರ. ಮುದ್ದೇಬಿಹಾಳ.

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ: ಆ ಗಾಜನ್ನು ಉಳಿಸಬಹುದಿತ್ತು.

ನಾಲತವಾಡದ ಬಸಂತರಾಯ ಕಾಕಾ ತಮ್ಮ ಎರಡು ಬಾಗಿಲಿನ ಹಳೆಯ ಹೆರಾಲ್ಡ್ ಕಾರನ್ನು ನನಗೆ ಅರ್ಧ ಬೆಲೆಗೆ ಕೊಟ್ಟಿದ್ದು ಒಂದೇ ಮಾತಿನ ಮೇಲೆ. ಹಿಂದಿನ ಗಾಜಿನಲ್ಲಿ ಹಳದಿ ಬಣ್ಣದಿಂದ ಬರೆಸಿದ್ದ ‘ಶೈಲಶ್ರೀ’ ಹಾಗೇ ಇರಬೇಕು. ತೀರಿಹೋದ ಮಗಳ ಹೆಸರು. ಸ್ಪೋರ್ಟ್ಸ್ ಕಾರಿನ ನನ್ನ ಆಸೆಗೆ, ನನ್ನ ಸಂಬಳಕ್ಕೆ ದಕ್ಕುವಂಥದ್ದು ಇದೊಂದೇ. ಹೂಂ ಅಂದೆ.

ಆದರೆ ನನಗೆ ತೆರೆದ ಕಾರು ಬೇಕಿತ್ತು. ಬೋಲ್ಟ್ ಬಿಚ್ಚಿದರೆ ಇದರ ಟಾಪು ಹಿಂದಿನ ಗಾಜಿನ ಸಮೇತ ಇಡಿಯಾಗಿ ಬರುತ್ತದೆ. ಮೆಕ್ಯಾನಿಕ್ ಸಿದ್ದಾರೂಢ ಅದನ್ನು ಗೋಡೆಗೆ ಒರಗಿಸಿದ.

“ಅಕ್ಕಾರ, ಗಾಜು ತಗದ ಕೊಡ್ತೇನ್ರಿ, ಕಾಕಾಗ ಮುಟ್ಟಸ್ರಿ.”

“ಬ್ಯಾಡ. ಗುಜರಿಗೆ ಹಾಕು.”

“ಹೆಸರೈತ್ರಿ ಅದರ ಮ್ಯಾಲ.”

“ನಂದಲ್ಲಲ್ಲ.”

ಕಾರು ಎಲ್ಲಿ ನಿಲ್ಲಿಸಿದರೂ ಜನ ಗಾಜು ಓದಿ ನನ್ನನ್ನು ಶೈಲಶ್ರೀ ಎಂದು ಕರೆಯುತ್ತಿದ್ದರು. ಅಷ್ಟಕ್ಕೇ ಇಷ್ಟು ಸಿಟ್ಟೆ? ಅವನು ಟಾಪನ್ನು ಗುಜರಿ ರಾಶಿಗೆ ಎಸೆದಾಗ ಗಾಜು ಒಡೆದ ಸದ್ದಿಗೆ ನನಗೆ ಹಗುರವೆನಿಸಿದ್ದು ನಿಜ.

ಇವತ್ತು ಕಾಕಾ ಮತ್ತೆ ಫೋನ್ ಮಾಡಿದ್ದರು. “ಜೋರ ಹೊಡಿಬ್ಯಾಡವಾ, ಶೈಲಾ ಅಂಜತಾಳ,” ಎಂದು ನಕ್ಕರು. “ಹೆಸರು ಕಾಣೂ ಹಂಗ ಒಂದ ಫೋಟೋ ತಗದು ಟಪಾಲಿಗೆ ಹಾಕು.”

ಹೆಸರಿರುವ ಹಳೆಯ ಫೋಟೋ ನನ್ನ ಹತ್ತಿರ ಇದೆ. ಅದನ್ನು ಕಳಿಸಿದರೆ ಖುಷಿಯಾಗಿ ದಿನಾ ಫೋನ್ ಮಾಡುತ್ತಾರೆ. ಟಾಪಿಲ್ಲದ ಹೊಸ ಫೋಟೋವನ್ನೇ ಲಕೋಟೆಗೆ ಹಾಕಿದ್ದೇನೆ. ಇದನ್ನು ಪ್ರಾಮಾಣಿಕತೆ ಎಂದು ಬರೆಯಹೋಗಿದ್ದೆ. ಅದಲ್ಲ; ಅವರ ಫೋನು ನಿಲ್ಲಲಿ ಅಂತ, ಅಷ್ಟೇ. ಅಂಚೆಗೆ ಹಾಕುವುದು ಸೋಮವಾರ, ನವೆಂಬರ್ 17.