ಎರಡನೇ ಭೋಂಗಾಕ್ಕೆ ಬೆಲ್ಲ

ಹುಬ್ಬಳ್ಳಿ
ಫೆಬ್ರವರಿ ೩೦, ೨೧೬೧

ನೀಲಗಂಗವ್ವಜ್ಜಿಯವರಿಗೆ ನಮಸ್ಕಾರ.

ಮೊದಲು ಕ್ಷಮೆ ಕೇಳಬೇಕು. ಮುಖ ನೋಡಿರದವರಿಗೆ, ಅದೂ ನೂರೆಂಬತ್ಮೂರು ವರ್ಷ ಹಿಂದೆ ಇರುವವರಿಗೆ, ಹೀಗೆ ಕಾಗದ ಬರೆದು ತೊಂದರೆ ಕೊಡಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಮೂರು ಸಲ ಬರೆದು ಹರಿದಿದ್ದೇನೆ. ನನ್ನ ಕನ್ನಡಕ್ಕೂ ಕ್ಷಮೆಯಿರಲಿ. ಆರನೇ ವರ್ಷದಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು, ಅರ್ಧ ಇಂಗ್ಲಿಷಿನಲ್ಲೇ ಯೋಚನೆ ಮಾಡುತ್ತೇನೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದವನ್ನು ವರ್ಷದ ಕೊನೆಗೆ ರಜೆಯಾಗಿ ಕೊಡುತ್ತಾರೆ.

ನನ್ನ ಹೆಸರು ಸುಮೇಧಾ. ನಿಮ್ಮಿಂದ ಏಳನೇ ತಲೆಯವಳು. ಕಾಲೇಜಿನಲ್ಲಿ ಫಸ್ಟ್ ಇಯರ್. ನಮ್ಮ ವಿಭಾಗದಲ್ಲಿ ಹಿಂದಂಚೆ ಎಂಬ ಯಂತ್ರವಿದೆ, ತೆಳ್ಳಗಿನ ಹಾಳೆಯನ್ನು ಹಿಂದಿನ ಕಾಲಕ್ಕೆ ಕಳಿಸುತ್ತದೆ. ಪ್ರತಿ ವಿದ್ಯಾರ್ಥಿಗೆ ಪ್ರಾಕ್ಟಿಕಲ್‌ ಎಂದು ಒಂದೇ ಕಾಗದ ಬಿಡುತ್ತಾರೆ. ನನ್ನ ಕ್ಲಾಸಿನವರೆಲ್ಲ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಬರೆದರು. ನಾನು ನಿಮ್ಮ ಹೆಸರು ಕೊಟ್ಟಾಗ ಸರ್ ಕನ್ನಡಕದ ಮೇಲಿಂದ ನೋಡಿ, “ಇವರು ಯಾರಮ್ಮ?” ಎಂದರು. ಹುಗ್ಗಿ ಮಾಡುತ್ತಿದ್ದರು ಎಂದೆ. ಕ್ಲಾಸು ನಕ್ಕಿತು.

ನಿಮ್ಮ ಅಡುಗೆಯ ನೋಟ್‌ಬುಕ್ಕು ಈಗ ನನ್ನ ಮುಂದಿದೆ. ಕೆಂಪು ರಟ್ಟು ಹೋಗಿದೆ, ಹಾಳೆಗಳು ಉಳಿದಿವೆ. ಕೊಬ್ಬರಿ ಎಣ್ಣೆಯ ಕಲೆ ಬಿದ್ದಲ್ಲಿ ಇವತ್ತಿಗೂ ಆಚೆ ಪುಟದ ಅಕ್ಷರ ಕಾಣುತ್ತದೆ. ಪ್ರತಿ ಅಡುಗೆಯ ಮೇಲೂ ಹೇಳಿಕೊಟ್ಟವರ ಹೆಸರು ಬರೆದಿದ್ದೀರಿ: ಎಣ್ಣೆಗಾಯಿ, ಮೂಲಿಮನಿ ರಾಧಾಬಾಯಿ ಹೇಳಿದ್ದು; ಖಿಮಾ ಅಲ್ಲ ಅದರ ಮಸಾಲಿ ಮಾತ್ರ, ಮೆಹರುನ್ನಿಸಾ ಹೇಳಿದ್ದು. ಒಂದು ಓಣಿಯ ಹೆಂಗಸರೆಲ್ಲ ಒಂದೇ ಪುಸ್ತಕದೊಳಗೆ ಕುಳಿತಿದ್ದಾರೆ. ನಾವು ಹಾಸ್ಟೆಲ್ಲಿನವರು ಹದಿಮೂರು ವರ್ಷ ಒಟ್ಟಿಗೆ ಉಂಡರೂ ಒಬ್ಬರ ಮನೆಯ ಊಟ ಇನ್ನೊಬ್ಬರಿಗೆ ಗೊತ್ತಿಲ್ಲ. ಹುಗ್ಗಿಯ ಪುಟದಲ್ಲಿ ತುಪ್ಪ ಅರ್ಧ ಬಟ್ಟಲು ಎಂದಿದೆ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ನಿಮ್ಮ ಓರಗಿತ್ತಿ ಶಾರವ್ವನವರು, “ಅಕ್ಕಾರು ಬರದದ್ದು ಸುಳ್ಳು. ಒಂದೂವರಿ ಬಟ್ಟಲ ಹಾಕತಾರ, ನಾ ಕಣ್ಣಾರೆ ನೋಡೀನಿ” ಎಂದು ಬರೆದಿದ್ದಾರೆ. ಅದರ ಕೆಳಗೆ ನೀವು, “ನೋಡಿದಾಕಿ ಉಣ್ಣೂದೇನೂ ಬಿಟ್ಟಿಲ್ಲ.” ಇದನ್ನು ಓದಿದಾಗ ನಾನು ಲೈಬ್ರರಿಯಲ್ಲಿದ್ದೆ. ನಗು ತಡೆಯಲಾಗದೆ ಹೊರಗೆ ಬಂದೆ. ನೀವಿಬ್ಬರೂ ಇಲ್ಲವಾಗಿ ಎಷ್ಟು ಕಾಲವಾಯಿತು, ಜಗಳ ಮಾತ್ರ ಇನ್ನೂ ಬಿಸಿಯಾಗಿದೆ.

ನನ್ನ ತೊಂದರೆ ಆ ಹುಗ್ಗಿಯದೇ.

ನನ್ನ ಸೋದರತ್ತೆ ಗುರುಸಿದ್ಧವ್ವ, ನಮ್ಮ ಮನೆತನದಲ್ಲಿ ಉಳಿದ ಒಬ್ಬರೇ ಹಿರಿಯರು. ನಿಮ್ಮ ಹುಗ್ಗಿಯನ್ನು ಉಂಡವರಲ್ಲಿ ಬದುಕಿರುವವರೂ ಅವರೊಬ್ಬರೇ. ಏಳು ವರ್ಷದವರಿದ್ದಾಗ ಅವರ ಅಜ್ಜಿ ಈ ಪುಸ್ತಕ ನೋಡಿ ಮಾಡಿದ್ದರಂತೆ. ಮಾರ್ಚ್ ಹತ್ತರಂದು ಅತ್ತೆಗೆ ನಾಲಿಗೆಯ ಆಪರೇಷನ್ ಇದೆ. ಜೀವಕ್ಕೇನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಆಮೇಲೆ ರುಚಿ ತಿಳಿಯುವುದಿಲ್ಲ. ಅಂದರೆ ಹತ್ತನೇ ತಾರೀಖಿನ ನಂತರ ನಾನು ನೂರು ಸಲ ಹುಗ್ಗಿ ಮಾಡಿದರೂ, ಇದು ಹೌದು, ಇದೇ ಅದು ಎನ್ನಬಲ್ಲವರು ಲೋಕದಲ್ಲಿ ಯಾರೂ ಇರುವುದಿಲ್ಲ.

ನಿಮ್ಮ ಪುಟದಲ್ಲಿ ಹೀಗಿದೆ: “ಕುಟ್ಟಿದ ಗೋದಿ ರಾತ್ರಿ ನೆನಿ ಹಾಕೂದು. ಮುಂಜಾನೆ ಮೊದಲನೇ ಭೋಂಗಾಕ್ಕ ಒಲಿ ಮ್ಯಾಲೆ ಇಡೂದು. ಎರಡನೇ ಭೋಂಗಾಕ್ಕ ಬೆಲ್ಲ. ಅವರು ಊಟಕ್ಕ ಬರೂ ಭೋಂಗಾಕ್ಕ ಇಳಿಸೂದು.” ಭೋಂಗಾ ಎಂದರೆ ಅಜ್ಜನವರು ದುಡಿಯುತ್ತಿದ್ದ ನೂಲಿನ ಮಿಲ್ಲಿನ ಕೂಗು ಎಂದು ಅತ್ತೆ ತಿಳಿಸಿದರು. ಮಿಲ್ಲು ಹೋಗಿ, ಅದರ ಕಾಗದಪತ್ರ ಹೋಗಿ, ಅದಿದ್ದ ರಸ್ತೆಯೂ ಹೋಗಿದೆ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಎಂದು ಹೇಳುವವರಿಲ್ಲ. ಅತ್ತೆಯನ್ನು ಕೇಳಿದರೆ, “ನಾ ಉಣ್ಣಾಕ ಕುಂತಾಕಿ ಬೇ, ಬೇಯಿಸಾಕ ನಿಂತಾಕಿ ಅಲ್ಲ” ಎನ್ನುತ್ತಾರೆ.

ಬೆಂದಿದೆಯೋ ಇಲ್ಲವೋ ಮುಚ್ಚಳ ತೆಗೆದು ನೋಡಬಾರದೇ ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಅದಾಗುವುದಿಲ್ಲ. ನಾನು ಬೆಂಕಿಯನ್ನು ಕಣ್ಣಾರೆ ನೋಡಿದ್ದು ಒಂದೇ ಸಲ, ಆರನೇ ಕ್ಲಾಸಿನ ಟೂರಿನಲ್ಲಿ, ಗಾಜಿನ ಆಚೆಗೆ. ಇಲ್ಲಿ ಎಲ್ಲರಿಗೂ ಬಿಸಿಪಾಲು ಎಂದಿದೆ. ತಿಂಗಳಿಗೆ ಇಂತಿಷ್ಟೇ ಶಾಖ, ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ವಿದ್ಯಾರ್ಥಿಗಳಿಗೆ ಸಿಗುವುದು ಒಂದು ದೊಡ್ಡ ಅಡುಗೆಗೆ ಆಗುವಷ್ಟು. ಅತ್ತೆಯ ಪಾಲು ಅವರ ಔಷಧದ ನೀರು ಕಾಯಿಸುವುದಕ್ಕೇ ಮುಗಿಯುತ್ತದೆ. ಅಡುಗೆ ಮಾಡುವುದು ತಾಳಗೂಡು ಎಂಬ ಬೀಗದ ಪೆಟ್ಟಿಗೆಯಲ್ಲಿ. ಎಷ್ಟು ನಿಮಿಷ ಎಂದು ಮೊದಲೇ ಹೇಳಬೇಕು, ಅಷ್ಟು ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲ. ಬೆಲ್ಲವನ್ನು ಮೇಲಿನ ಸಣ್ಣ ಡಬ್ಬಿಯಲ್ಲಿಟ್ಟು, ಯಾವ ನಿಮಿಷಕ್ಕೆ ಬೀಳಬೇಕು ಎಂದೂ ಹೇಳಬೇಕು.

ಜನವರಿಯಲ್ಲಿ ಮೊದಲ ಸಲ ಮಾಡಿದಾಗ ಬೆಲ್ಲಕ್ಕೆ ನಲವತ್ತು ನಿಮಿಷ ಇಟ್ಟೆ. ಹಾಸ್ಟೆಲ್ಲಿನಲ್ಲಿ ಒಂದು ಗಂಟೆ ಬಾರಿಸಿ ಇನ್ನೊಂದು ಬಾರಿಸುವುದಕ್ಕೆ ನಲವತ್ತೇ ನಿಮಿಷ. ಲೋಕದ ಗಂಟೆಗಳೆಲ್ಲ ಹಾಗೇ ಬಾರಿಸುತ್ತವೆ ಎಂದುಕೊಂಡಿದ್ದೆ. ಬೇಯುವ ಮೊದಲೇ ಬೆಲ್ಲ ಬಿದ್ದರೆ ಗೋದಿ ಗಟ್ಟಿಯಾಗಿ ನಿಂತುಬಿಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. “ಇದನ್ನ ದಾರಕ್ಕ ಪೋಣಿಸಿ ಕೊಳ್ಳಾಗ ಹಾಕ್ಕೋ ಬೇ, ಕಾಲೇಜಿಗೆ ಚೆಂದ ಕಾಣತೈತಿ” ಎಂದರು. ಫೆಬ್ರವರಿಯಲ್ಲಿ ಹೆದರಿ ಐದು ಗಂಟೆ ಇಟ್ಟೆ. ಆಗ, “ಗ್ವಾಡಿಗೆ ಕಾಗದ ಹಚ್ಚಾಕ ಭಾಳ ಚಲೋ ಅಂಟು. ಹಾಸ್ಟೆಲ್ ಕೂಸಿಗೆ ತಾಟ ಹಿಡ್ಕೊಂಡು ನಿಂದ್ರೂದಷ್ಟ ಕಲಿಸ್ಯಾರ.” ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಅವರು ಬಾಗಿಲಿಗೆ ಬಂದು ನಿಂತು, ಈ ಸಲ ಮೆಲ್ಲಗೆ, “ಸಿಟ್ಟಾಗಬ್ಯಾಡ. ಈ ನಾಲಿಗಿ ಹೋಗೂದ್ರೊಳಗ ಒಮ್ಮೆ ಹೌದು ಅನ್ನಬೇಕಂತ ನನಗ ಐತಿ, ಅದಕ್ಕ ಬೈತೀನಿ” ಎಂದರು.

ಅವತ್ತಿನಿಂದ ನಿಮ್ಮ ಪುಸ್ತಕವನ್ನು ಕೈಬಿಟ್ಟಿಲ್ಲ. ಭೋಂಗಾ ಎಂಬ ಮಾತು ಎಲ್ಲೆಲ್ಲಿದೆಯೋ ಹುಡುಕುತ್ತಾ ಹೋದೆ. ಇಪ್ಪತ್ತಾರು ಅಡುಗೆಗಳಲ್ಲಿದೆ. ರಾಧಾಬಾಯಿಯವರ ಸಾರೂ ಮೆಹರುನ್ನಿಸಾ ಅವರ ಮಸಾಲೆಯೂ ಅದೇ ಕೂಗಿಗೆ ಒಲೆ ಏರಿ ಅದೇ ಕೂಗಿಗೆ ಇಳಿಯುತ್ತವೆ. ಒಂದು ಪುಟದ ಮೂಲೆಯಲ್ಲಿ, ಅಡುಗೆಗೆ ಸಂಬಂಧವೇ ಇಲ್ಲದಂತೆ, ಬರೆದಿದ್ದೀರಿ: “ಇವತ್ತ ಮಿಲ್ಲಿನ್ಯಾಗ ಸಂಪು, ಯಾರೂ ಕೆಲಸಕ್ಕ ಹೋಗಿಲ್ಲ. ಭೋಂಗಾ ಆಗಲಿಲ್ಲ. ಓಣ್ಯಾಗ ಯಾರ ಮನ್ಯಾಗೂ ಅನ್ನ ಸರಿ ಆಗಿಲ್ಲ.” ಅಜ್ಜಿ, ಇದನ್ನು ಓದಿದ ಮೇಲೆ ಆ ಇಪ್ಪತ್ತಾರು ಅಡುಗೆಗಳನ್ನೂ ಮತ್ತೊಮ್ಮೆ ಓದಿದೆ. ಗಂಡಸರನ್ನು ಕೆಲಸಕ್ಕೆ ಕರೆಯಲೆಂದು ಇಟ್ಟ ಕೂಗು. ಅದನ್ನು ನೀವು ಹೆಂಗಸರು ಯಾರನ್ನೂ ಕೇಳದೆ ಅಡುಗೆಮನೆಯೊಳಗೆ ತಂದುಕೊಂಡಿರಿ. ಒಂದು ಕೂಗಿಗೆ ಇಡೀ ಓಣಿಯ ಬೆಲ್ಲ ಒಟ್ಟಿಗೆ ಪಾತ್ರೆಗೆ ಬೀಳುತ್ತಿತ್ತು, ಕೈಗಳು ಮಾತ್ರ ಬೇರೆ ಬೇರೆ. ಆ ವಾಸನೆ ಗೋಡೆ ದಾಟುತ್ತಿತ್ತಂತೆ. ನಮ್ಮ ಗೂಡುಗಳಿಂದ ವಾಸನೆ ಹೊರಗೆ ಬರುವುದಿಲ್ಲ. ಇದನ್ನೆಲ್ಲ ಸೆಮಿನಾರಿನಲ್ಲಿ ಹೇಳಲು ಹೋದೆ, ಅರ್ಧಕ್ಕೇ ನಿಲ್ಲಿಸಿ ಕುಳಿತುಬಿಟ್ಟೆ.

ನನ್ನ ಮುಂದಿನ ಬಿಸಿಪಾಲು ಬರುವುದು ಮಾರ್ಚ್ ಎಂಟಕ್ಕೆ, ಬೆಳಿಗ್ಗೆ. ಆಪರೇಷನ್‌ಗಿಂತ ಮೊದಲು ಉಳಿದಿರುವುದು ಅದೊಂದೇ ಸಲ. ನನಗೆ ಬೇಕಾದದ್ದು ಎರಡು ಸಂಖ್ಯೆ: ಮೊದಲನೇ ಭೋಂಗಾದಿಂದ ಎರಡನೆಯದಕ್ಕೆ ಎಷ್ಟು ನಿಮಿಷ, ಎರಡನೆಯದರಿಂದ ಊಟದ ಭೋಂಗಾಕ್ಕೆ ಎಷ್ಟು ನಿಮಿಷ. ಒಲೆಯ ಬಿಸಿಗೂ ಗೂಡಿನ ಬಿಸಿಗೂ ಇರುವ ವ್ಯತ್ಯಾಸ ನಾನು ನೋಡಿಕೊಳ್ಳುತ್ತೇನೆ, ಅಷ್ಟು ಫಿಸಿಕ್ಸ್ ಬರುತ್ತದೆ. ಮನೆಯಲ್ಲಿ ಗಡಿಯಾರವಿಲ್ಲದಿದ್ದರೆ ಯಾರದಾದರೂ ಕೈಗಡಿಯಾರ ಒಂದು ದಿನದ ಮಟ್ಟಿಗೆ ಇಸಿದುಕೊಳ್ಳಿ.

ಅಂಚೆಗೆ ಹಾಕುವುದೇನೂ ಬೇಡ. ಹುಗ್ಗಿಯ ಪುಟದ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಇದೆ, ಅಲ್ಲೇ ಬರೆದರೆ ಸಾಕು. ಪುಸ್ತಕ ಅದೇ ಆದ್ದರಿಂದ ಇಲ್ಲಿಯೂ ಅಕ್ಷರ ಮೂಡುತ್ತದೆ ಎಂದು ಸರ್ ಹೇಳಿದ್ದಾರೆ. ನಾನು ದಿನಾ ಬೆಳಿಗ್ಗೆ ಎದ್ದು ಆ ಪುಟ ತೆರೆದು ನೋಡುತ್ತೇನೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಸುಮೇಧಾ